ಇಲಿಗೆ ಬಂದ ಭಾಗ್ಯ

"ಮುಪ್ಪಿಗೆ ಮದ್ದು ಸಿಕ್ಕಿತು!"

ಕನ್ನಡಕವನ್ನು ಹಣೆಗೇರಿಸಿ, ಮೊಬೈಲನ್ನು ಮೂಗಿನ ತುದಿಗೆ ತಂದು ಗೋಪಾಲ ಮಾಸ್ತರರು ಹೀಗೆ ಸಾರಿದಾಗ ಕಾಮತರ ಹೋಟೆಲಿನಲ್ಲಿ ಒಬ್ಬರೂ ತಲೆಯೆತ್ತಲಿಲ್ಲ. ಕಳೆದ ವಾರ ಮರೆವಿನ ಕಾಯಿಲೆಗೆ ಸಿಕ್ಕಿತ್ತು. ಅದರ ಹಿಂದಿನ ವಾರ ಬೊಕ್ಕತಲೆಗೆ. ಕಾಸರಗೋಡಿನ ಪೆರ್ಲದ ಪೇಟೆಯಲ್ಲಿ ಬೆಳಗಿನಿಂದ ಮಳೆ ಹಿಡಿದು ಕುಳಿತಿತ್ತು. ಬಸ್ಸು ಬರುವ ಲಕ್ಷಣವಿರಲಿಲ್ಲ. ಇಂಥ ಹೊತ್ತಿನಲ್ಲಿ ಲೋಕದ ರೋಗಗಳನ್ನೆಲ್ಲ ಗುಣಪಡಿಸಿಬಿಡುವುದು ಮಾಸ್ತರರ ವಾಡಿಕೆ.

"ಯಾರ ಮುಪ್ಪಿಗೆ?" ಎಂದು ಈಶ್ವರಣ್ಣ ಗೋಳಿಬಜೆಯನ್ನು ಚಟ್ನಿಯಲ್ಲಿ ಅದ್ದುತ್ತಲೇ ಕೇಳಿದರು.

"ಯಾರ ಮುಪ್ಪಿಗೆ ಎಂದರೇನು? ಮುಪ್ಪು ಎಂದ ಮೇಲೆ ಎಲ್ಲರದ್ದೂ ಮುಪ್ಪೇ."

"ಕೆಳಗೆ ಹೋಗಿ ಮಾಸ್ತರರೇ. ಕೊನೆಯ ಸಾಲಿನ ತನಕ ಓದಿ."

ಮಾಸ್ತರರು ಬೆರಳಿನಿಂದ ಪರದೆಯನ್ನು ಸರಿಸುತ್ತ ಹೋದರು. ವಿಜ್ಞಾನಿಗಳು ಬಂದರು, ಕ್ರಾಂತಿ ಬಂತು, ಹೊಸ ಯುಗ ಬಂತು, ನಡುವೆ ಒಂದು ಮಂಡಿನೋವಿನ ಎಣ್ಣೆಯ ಜಾಹೀರಾತು ಬಂತು. ಕಟ್ಟಕಡೆಗೆ ಅವರ ದನಿ ಸ್ವಲ್ಪ ತಗ್ಗಿತು. "…ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಕಂಡುಬಂದಿದೆ."

"ನೋಡಿದಿರಾ!" ಈಶ್ವರಣ್ಣ ಬೆಂಚಿಗೆ ಒರಗಿ ಕುಳಿತರು. "ಲೋಕದಲ್ಲಿ ಇವತ್ತು ಸಕ್ಕರೆ ಕಾಯಿಲೆಯ ಇಲಿ ಒಂದೂ ಉಳಿದಿಲ್ಲ. ಕ್ಯಾನ್ಸರ್ ಆದ ಇಲಿ ಎದ್ದು ಓಡಾಡುತ್ತಿದೆ. ಬೆನ್ನುಹುರಿ ತುಂಡಾದ ಇಲಿ ನಡೆಯುತ್ತಿದೆ. ಮರೆವು ಹಿಡಿದ ಇಲಿ ತನ್ನ ಮನೆಯ ದಾರಿಯನ್ನು ತಾನೇ ಹುಡುಕಿಕೊಂಡು ಹೋಗುತ್ತದೆ, ನಾನಾದರೆ ಕನ್ನಡಕ ಎಲ್ಲಿಟ್ಟೆ ಎಂದು ಮೂಗಿನ ಮೇಲಿರುವಾಗಲೇ ಕೇಳುತ್ತೇನೆ. ಇಷ್ಟೊಂದು ಶುಭಸಮಾಚಾರ ಇಲಿಗಳಿಗೇ ಇರುವಾಗ ನಮ್ಮ ಪತ್ರಿಕೆಗಳನ್ನು ಓದಬೇಕಾದವು ಅವು. ಚಂದಾ ಕಟ್ಟುವವರು ಮಾತ್ರ ನಾವು."

"ನಿಮಗೆ ಎಲ್ಲದರಲ್ಲೂ ಕುಹಕ," ಎಂದರು ಮಾಸ್ತರರು. "ಇದು ಬಹಳ ದೊಡ್ಡ ಮದ್ದು. ರಾಪಾಮೈಸಿನ್ ಎಂದು ಹೆಸರು. ಏನಪ್ಪಾ ಕಾರ್ತಿಕಾ, ಹೌದೋ ಅಲ್ಲವೋ?"

ಬೆಂಗಳೂರಿನ ಕಂಪನಿಯಲ್ಲಿ ಮದ್ದಿನ ಪ್ರಯೋಗಗಳ ಲೆಕ್ಕ ಬರೆಯುವ ಮಗ ಊರಿಗೆ ಬಂದಿದ್ದು ಮಾಸ್ತರರಿಗೆ ದೊಡ್ಡ ಬಲ. ಮಗನಿಗೆ ಅದು ಅಷ್ಟೇ ದೊಡ್ಡ ಪೀಕಲಾಟ.

"ಹೌದು ಅಪ್ಪ, ಆದರೆ ಅದು ಹೊಸತಲ್ಲ," ಎಂದ ಕಾರ್ತಿಕ. "1964ರಲ್ಲಿ ಕೆನಡಾದ ಒಂದು ತಂಡ ಶಾಂತಸಾಗರದ ಈಸ್ಟರ್ ದ್ವೀಪಕ್ಕೆ ಹೋಗಿ ಅಲ್ಲಿನ ಮಣ್ಣನ್ನು ತಂದಿತು. ಆ ಮಣ್ಣಿನ ಸೂಕ್ಷ್ಮಜೀವಿಯಿಂದ ಬಂದ ಮದ್ದು ಇದು. ಅದರ ಹಿಂದೆ ಬಿದ್ದವರು ಅವಿಭಜಿತ ಭಾರತದಲ್ಲಿ ಹುಟ್ಟಿದ ಸುರೇಂದ್ರನಾಥ ಸೆಹಗಲ್. ಮಾಂಟ್ರಿಯಲ್‌ನ ಪ್ರಯೋಗಾಲಯವನ್ನು ಕಂಪನಿ ಮುಚ್ಚಿ ಸಂಶೋಧನೆಯನ್ನು ಕೈಬಿಟ್ಟಾಗ ಅವರು ಆ ಜೀವಿಯನ್ನು ಮನೆಗೆ ತಂದು ಫ್ರೀಜರ್‌ನಲ್ಲಿಟ್ಟುಕೊಂಡರು."

"ಹೆಂಡತಿ ಸುಮ್ಮನಿದ್ದಳೇ?" ಎಂದು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಕಾಮತರು ಕೇಳಿದರು. ಅವರ ಮನೆಯಲ್ಲಿ ಹಿಂದಿನ ದಿನದ ಸಾಂಬಾರು ಇಡುವುದಕ್ಕೂ ಅಪ್ಪಣೆ ಬೇಕು.

"1999ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು, ಬದಲಿ ಮೂತ್ರಪಿಂಡವನ್ನು ದೇಹ ತಿರಸ್ಕರಿಸದಂತೆ ಮಾಡಲು. ಮುಪ್ಪಿನ ಕಥೆ ಶುರುವಾದದ್ದು 2009ರಲ್ಲಿ. 600 ದಿನ ತುಂಬಿದ ಇಲಿಗಳಿಗೆ, ಎಂದರೆ ಮನುಷ್ಯರ ಲೆಕ್ಕದಲ್ಲಿ ಸುಮಾರು ಅರುವತ್ತು ದಾಟಿದವಕ್ಕೆ ಕೊಟ್ಟರು. ಗಂಡಿಲಿಗಳ ಆಯುಷ್ಯ 9 ಶೇಕಡಾ, ಹೆಣ್ಣಿಲಿಗಳದ್ದು 14 ಶೇಕಡಾ ಹೆಚ್ಚಿತು."

"ಷಷ್ಟಿಪೂರ್ತಿಯ ಉಡುಗೊರೆ," ಎಂದರು ಈಶ್ವರಣ್ಣ. "ನನ್ನ ಷಷ್ಟಿಪೂರ್ತಿಗೆ ಮಕ್ಕಳು ಕೊಟ್ಟದ್ದು ಒಂದು ಗೋಡೆ ಗಡಿಯಾರ. ಅದರಲ್ಲೂ ಹೆಣ್ಣಿಗೇ ಹೆಚ್ಚು ನೋಡಿ. ಇಲಿಗಳಲ್ಲೂ ಗಂಡನೇ ಮೊದಲು ಹೋಗುವುದು. ಸರಿ, ಮನುಷ್ಯರ ಪಾಡೇನು?"

"ಗೊತ್ತಾಗಬೇಕಷ್ಟೆ. ಅಮೆರಿಕದ ಒಬ್ಬ ಸಿರಿವಂತ ಆಯುಷ್ಯಕ್ಕೆಂದು ಕೆಲವು ವರ್ಷ ನುಂಗಿ, ಅಡ್ಡಪರಿಣಾಮ ನೋಡಿ 2024ರಲ್ಲಿ ನಿಲ್ಲಿಸಿದ."

"ಅವನು ಇಲಿಯಾಗಿ ಹುಟ್ಟಬೇಕಿತ್ತು. ಪುಣ್ಯ ಸಾಲದೆ ಕೋಟ್ಯಧಿಪತಿಯಾದ."

ಅದುವರೆಗೆ ಶಂಭಟ್ಟರು ಮೂಲೆಯಲ್ಲಿ ಕುಳಿತು ಪಂಚಾಂಗದ ಹಾಳೆ ತಿರುವುತ್ತಿದ್ದರು. ಶ್ರಾದ್ಧದ ಮನೆಗೆ ಹೊರಟವರು ಮಳೆಗೆ ಸಿಕ್ಕಿಬಿದ್ದವರು. "ಇಲಿ ಎಂದು ಹಗುರವಾಗಿ ಆಡಬಾರದು," ಎಂದರು. "ಗಣಪತಿಯ ವಾಹನ. ಅದರಿಂದ ಲೋಕಕ್ಕೆ ಮದ್ದು ಬರುವುದೆಂದು ನಮ್ಮ ಹಿರಿಯರಿಗೆ ಮೊದಲೇ ತಿಳಿದಿತ್ತು."

ತಿಳಿದಿತ್ತು ಎನ್ನುವುದಕ್ಕೆ ಶಂಭಟ್ಟರು ಆಧಾರ ಕೊಡುವುದಿಲ್ಲ, ನಾವು ಕೇಳುವುದೂ ಇಲ್ಲ. ಇದು ಬಹಳ ಕಾಲದಿಂದ ನಡೆದುಬಂದ ಒಪ್ಪಂದ.

"ಭಟ್ಟರೇ, ಇದು ನಿಮ್ಮ ಅಟ್ಟದ ಇಲಿಯಲ್ಲ," ಎಂದ ಕಾರ್ತಿಕ. "ಪ್ರಯೋಗದ ಇಲಿಗೆ ವಂಶಾವಳಿ ಇದೆ. ಅಮೆರಿಕದ ಬಾರ್ ಹಾರ್ಬರ್ ಎಂಬ ಊರಿನಲ್ಲಿ 1929ರಲ್ಲಿ ಶುರುವಾದ ಜಾಕ್ಸನ್ ಲ್ಯಾಬೊರೇಟರಿ ಎಂಬ ಸಂಸ್ಥೆ ಇಲಿಗಳನ್ನು ಸಾಕಿ ಲೋಕಕ್ಕೆಲ್ಲ ಕಳುಹಿಸುತ್ತಿದೆ. ಒಂದು ತಳಿ ಪಕ್ಕಾ ಎನ್ನಿಸಿಕೊಳ್ಳಬೇಕಾದರೆ ಕನಿಷ್ಠ 20 ತಲೆಮಾರು ಅಣ್ಣನಿಗೂ ತಂಗಿಗೂ ಜೋಡಿ ಮಾಡುತ್ತ ಬರಬೇಕು."

"ಶಿವ ಶಿವಾ!" ಶಂಭಟ್ಟರು ಪಂಚಾಂಗವನ್ನು ಮುಚ್ಚಿಯೇ ಬಿಟ್ಟರು. "ಸಗೋತ್ರವೂ ಅಲ್ಲ, ಸ್ವಂತ ತಂಗಿ! ಅದಕ್ಕೇ ಅವಕ್ಕೆ ಇಷ್ಟು ರೋಗ."

"ಹಾಗೆ ಮಾಡಿದರೆ ಎಲ್ಲವೂ ಒಂದೇ ಅಚ್ಚಿನಲ್ಲಿ ಬರುತ್ತವೆ ಭಟ್ಟರೇ. ಒಂದು ಗುಂಪಿಗೆ ಮದ್ದು ಕೊಟ್ಟು ಇನ್ನೊಂದಕ್ಕೆ ಕೊಡದೆ ನೋಡಿದಾಗ, ಕಂಡ ವ್ಯತ್ಯಾಸ ಮದ್ದಿನದ್ದೇ ಎಂದು ಧೈರ್ಯವಾಗಿ ಹೇಳಬಹುದು."

"ಎಲ್ಲ ಸರಿ," ಎಂದರು ಈಶ್ವರಣ್ಣ. "ಏಳು ತಲೆಮಾರು ಗೋತ್ರ, ಪ್ರವರ, ನಕ್ಷತ್ರ, ಗಣ ಎಲ್ಲ ಕೂಡಿಸಿ ಮದುವೆಯಾದ ವಂಶದಲ್ಲಿ ಹುಟ್ಟಿ ನನ್ನ ಹೃದಯದ ಕವಾಟ ಕೆಟ್ಟಿತು. ತಂಗಿಯನ್ನು ಮದುವೆಯಾದ ಇಲಿಗೆ ಕವಾಟ ಕೆಟ್ಟರೂ ಮರುದಿನವೇ ಮದ್ದು. ಭಟ್ಟರೇ, ಶಾಸ್ತ್ರದಲ್ಲಿ ಎಲ್ಲೋ ಒಂದು ಪುಟ ಹಾರಿಹೋಗಿದೆ."

"ಅವಕ್ಕೆ ಪ್ರತಿಮೆಯೂ ಇದೆ ಮಾವ," ಎಂದ ಕಾರ್ತಿಕ. ಈಶ್ವರಣ್ಣನಿಗೆ ಉರುವಲು ಒಡ್ಡುವುದು ಹುಡುಗನಿಗೂ ಖುಷಿ. "ಸೈಬೀರಿಯಾದ ನೊವೊಸಿಬಿರ್ಸ್ಕ್‌ನಲ್ಲಿ ತಳಿವಿಜ್ಞಾನ ಸಂಸ್ಥೆಯ ಹತ್ತಿರ, 2013ರಲ್ಲಿ ನಿಲ್ಲಿಸಿದ್ದು. ಕನ್ನಡಕ ಹಾಕಿಕೊಂಡ ಇಲಿ ಸೂಜಿ ಹಿಡಿದು ಡಿಎನ್‌ಎಯ ಎಳೆಯನ್ನು ಹೆಣೆಯುತ್ತಿದೆ."

"ಕನ್ನಡಕ ಸಹ! ಕಣ್ಣಿಗೆ ಮಾತ್ರ ಮದ್ದು ಸಿಕ್ಕಿಲ್ಲ ಎಂದಾಯಿತು. ಮಧೂರಿನಲ್ಲಿ ಗಣಪತಿಗೆ ಅಪ್ಪ ಕಟ್ಟುತ್ತೇವೆ, ಮೂಡಪ್ಪ ಸೇವೆಗೆ ಊರಿಗೆ ಊರೇ ಹೋಗುತ್ತೇವೆ. ಅತ್ತ ಸವಾರ ಇಲ್ಲದೆಯೇ ವಾಹನಕ್ಕೆ ಗುಡಿ ಆಗಿಹೋಯಿತು."

ಕಾರ್ತಿಕನಿಗೆ ಅಷ್ಟು ಹೊತ್ತಿಗೆ ತನ್ನ ಉದ್ಯೋಗದ ಮರ್ಯಾದೆ ನೆನಪಾಯಿತು. "ತಮಾಷೆ ಬೇರೆ. ಇಲಿ ಇಲ್ಲದಿದ್ದರೆ ಪೆನಿಸಿಲಿನ್ ಬರುತ್ತಿರಲಿಲ್ಲ. 1940ರ ಮೇ 25ರಂದು ಆಕ್ಸ್‌ಫರ್ಡ್‌ನಲ್ಲಿ ಎಂಟು ಇಲಿಗಳಿಗೆ ಮಾರಕ ರೋಗಾಣು ಚುಚ್ಚಿದರು. ನಾಲ್ಕಕ್ಕೆ ಪೆನಿಸಿಲಿನ್ ಕೊಟ್ಟರು, ನಾಲ್ಕಕ್ಕೆ ಕೊಡಲಿಲ್ಲ. ಬೆಳಗಾಗುವಾಗ ಕೊಡದ ನಾಲ್ಕೂ ಸತ್ತಿದ್ದವು, ಕೊಟ್ಟ ನಾಲ್ಕೂ ಬದುಕಿದ್ದವು. ಮರುವರ್ಷದ ಫೆಬ್ರವರಿಯಲ್ಲಿ ಒಬ್ಬ ಪೊಲೀಸನಿಗೆ ಕೊಟ್ಟರು. ಅವನು ಚೇತರಿಸಿಕೊಳ್ಳುತ್ತಿರುವಾಗಲೇ ಮದ್ದು ಮುಗಿಯಿತು. ಅವನ ಮೂತ್ರದಿಂದ ಹೊರಬಂದ ಪೆನಿಸಿಲಿನನ್ನು ಪುನಃ ಬೇರ್ಪಡಿಸಿ ಅವನಿಗೇ ಕೊಟ್ಟರು. ಆದರೂ ಉಳಿಯಲಿಲ್ಲ."

"ಮೂತ್ರದಿಂದ ಮದ್ದು ಎಂದಿರಲ್ಲ…" ಶಂಭಟ್ಟರ ಕಣ್ಣು ಹೊಳೆಯಿತು.

"ಪೊಲೀಸನದ್ದು ಭಟ್ಟರೇ," ಎಂದರು ಈಶ್ವರಣ್ಣ. ಶಂಭಟ್ಟರು ಪುನಃ ಪಂಚಾಂಗ ಬಿಡಿಸಿದರು.

"ಒಪ್ಪಿದೆ ಮಗೂ," ಎಂದು ಈಶ್ವರಣ್ಣ ಕಾರ್ತಿಕನ ಕಡೆಗೆ ತಿರುಗಿದರು. "ಆಗ ಇಲಿಯಿಂದ ಮನುಷ್ಯನ ತನಕ ಬರಲು ಒಂಬತ್ತು ತಿಂಗಳು ಸಾಕಾಯಿತು. ಈಗ?"

"ಈಗ ಹತ್ತು ಹನ್ನೆರಡು ವರ್ಷ ಹಿಡಿಯುವುದುಂಟು. ಮನುಷ್ಯರ ಮೇಲಿನ ಪ್ರಯೋಗಕ್ಕೆ ಬರುವ 100 ಮದ್ದುಗಳಲ್ಲಿ ಸುಮಾರು 90 ಅರ್ಧದಲ್ಲೇ ಬಿದ್ದುಹೋಗುತ್ತವೆ. ಕೆಲವು ವಿಷವಾಗುತ್ತವೆ, ಹೆಚ್ಚಿನವು ಏನೂ ಮಾಡುವುದಿಲ್ಲ."

"ಆ ತೊಂಬತ್ತರ ಸುದ್ದಿ ನಿಮ್ಮ ತಂದೆಯವರ ಮೊಬೈಲಿಗೆ ಏಕೆ ಬರುವುದಿಲ್ಲ? 'ಇಂಥ ರೋಗದ ಇಂಥ ಮದ್ದು ಮನುಷ್ಯನಿಗೆ ತಾಗಲಿಲ್ಲ, ಕ್ಷಮಿಸಿ' ಎಂದು ಒಂದು ಸಾಲು? ಹುಟ್ಟಿದ್ದಕ್ಕೆ ಮಾತ್ರ ಡೋಲು ಬಡಿಯುವುದು, ಸತ್ತದ್ದಕ್ಕೆ ಸೂತಕವೇ ಇಲ್ಲವೇ?"

ಮಾಸ್ತರರು ಉತ್ತರಿಸಲಿಲ್ಲ. ಅವರು ಆ ಸುದ್ದಿಯನ್ನು ಅಷ್ಟರಲ್ಲಿ 'ನಿವೃತ್ತ ಅಧ್ಯಾಪಕರು' ಗುಂಪಿಗೂ 'ಕುಟುಂಬ' ಗುಂಪಿಗೂ ಕಳುಹಿಸಿ ಆಗಿತ್ತು. ನಾನು ಎರಡರಲ್ಲೂ ಇದ್ದೇನೆ. ನನ್ನ ಕಿಸೆ ಎರಡು ಸಲ ನಡುಗಿತು.

ಈಶ್ವರಣ್ಣ ಅಂಗಿಯ ಕಿಸೆಯಿಂದ ಗುಳಿಗೆಯ ಒಂದು ಪಟ್ಟಿ ತೆಗೆದು ಮೇಜಿನ ಮೇಲಿಟ್ಟರು. ತಾಳಮದ್ದಳೆಯಲ್ಲಿ ಶಲ್ಯನ ಅರ್ಥ ಹೇಳುವವರು ಅವರು. ಕರ್ಣನನ್ನು ಚುಚ್ಚುವ ಮೊದಲು ಒಂದು ಕ್ಷಣ ಸುಮ್ಮನಿರುತ್ತಾರಲ್ಲ, ಹಾಗೆಯೇ ಸುಮ್ಮನಿದ್ದು, ಆಮೇಲೆ ಶುರು ಮಾಡಿದರು.

"ಲೋಕದ ಮದ್ದೆಲ್ಲ ಇಲಿಯ ಪಾಲಾಗುತ್ತಿರುವಾಗ ನನ್ನ ಪಾಲಿಗೆ ಬಂದದ್ದೇನು ಗೊತ್ತೇ? ಇಲಿಪಾಷಾಣ."

"ಅಯ್ಯೋ, ಹಾಗೆಲ್ಲ ಹೇಳಬೇಡಿ," ಎಂದರು ಕಾಮತರು. ಹೋಟೆಲಿನಲ್ಲಿ ಬೇರೆ ಗಿರಾಕಿಗಳೂ ಇದ್ದರು.

"ಹೇಳದೆ? ಇದು ವಾರ್ಫರಿನ್. 1933, ಫೆಬ್ರವರಿ ತಿಂಗಳು, ಅಮೆರಿಕದ ವಿಸ್ಕಾನ್ಸಿನ್. ಹಿಮ ಸುರಿಯುತ್ತಿದೆ. ಒಬ್ಬ ರೈತನ ದನಗಳು ಬೂಸ್ಟು ಹಿಡಿದ ಒಣಹುಲ್ಲು ತಿಂದು ಒಳಗೊಳಗೇ ರಕ್ತ ಸೋರಿ ಸಾಯುತ್ತಿವೆ. ಅವನು ಸತ್ತ ಕಡಸನ್ನೂ, ಹಾಲಿನ ಕ್ಯಾನಿನಲ್ಲಿ ಹೆಪ್ಪುಗಟ್ಟದ ರಕ್ತವನ್ನೂ ಹೇರಿಕೊಂಡು ಆ ಹಿಮದಲ್ಲಿ ವಿಶ್ವವಿದ್ಯಾಲಯಕ್ಕೆ ಬಂದ. ಕಾರ್ಲ್ ಪಾಲ್ ಲಿಂಕ್ ಎಂಬ ವಿಜ್ಞಾನಿ ವರ್ಷಗಟ್ಟಲೆ ಕುಳಿತು ಆ ಹುಲ್ಲಿನಲ್ಲಿದ್ದ ವಿಷವನ್ನು ಹುಡುಕಿ ತೆಗೆದ. ಅದೇ ಕುಲದ ವಾರ್ಫರಿನನ್ನು 1948ರಿಂದ ಇಲಿ ಕೊಲ್ಲುವುದಕ್ಕೆ ಮಾರಿದರು. 1954ರಿಂದ ಮನುಷ್ಯರಿಗೂ ಕೊಟ್ಟರು, ರಕ್ತ ಹೆಪ್ಪುಗಟ್ಟದಿರಲಿ ಎಂದು. ಮರುವರ್ಷ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೆ ಹೃದಯಾಘಾತವಾದಾಗ ಅವರೂ ಇದನ್ನೇ ನುಂಗಿದರು. ಈಗ ಪೆರ್ಲದ ಈಶ್ವರ ಭಟ್ಟ ನುಂಗುತ್ತಿದ್ದಾನೆ."

"ಅಧ್ಯಕ್ಷರು ನುಂಗಿದ ಮದ್ದು!" ಎಂದು ಮಾಸ್ತರರು ಕೂಡಲೇ ಹುರುಪುಗೊಂಡರು.

"ಅಧ್ಯಕ್ಷರಿಗೂ ಇಲಿಗೂ ನಡುವೆ ನಾನು ಎನ್ನಿ. ಈ ಮಳೆಗಾಲ ನನ್ನ ತೆಂಗಿನ ಮರಗಳಲ್ಲಿ ಇಲಿಯ ಕಾಟ ವಿಪರೀತ. ಎಳೆಕಾಯಿಗಳನ್ನು ಕೊರೆದು ಕೊರೆದು ಬೀಳಿಸುತ್ತದೆ, ಬೆಳಗ್ಗೆ ಎದ್ದರೆ ಬುಡದಲ್ಲಿ ತೂತಾದ ಬೊಂಡಗಳ ರಾಶಿ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಬ್ರೊಮಾಡಿಯೊಲೋನ್ ಎಂಬ ಮೇಣದ ಬಿಲ್ಲೆಯನ್ನು ಮರದ ತಲೆಯಲ್ಲಿಡಿ ಎನ್ನುತ್ತಾರೆ. ಪೊಟ್ಟಣದ ಮೇಲೆ ಓದಿ ನೋಡಿದೆ, ಕಾರ್ತಿಕನನ್ನು ಕೇಳಿದೆ. ಅದೂ ಇದೇ ವಂಶದ್ದಂತೆ, ಇನ್ನೂ ಖಾರದ್ದಂತೆ. ಮರದ ಮೇಲೆ ಇಲಿ, ಮರದ ಕೆಳಗೆ ನಾನು, ಇಬ್ಬರಿಗೂ ಒಂದೇ ಮನೆತನದ ಮದ್ದು. ವ್ಯತ್ಯಾಸ ಇಷ್ಟೇ. ನನಗೆ ತಿಂಗಳಿಗೊಮ್ಮೆ ಐಎನ್‌ಆರ್, ಎಂದರೆ ರಕ್ತ ಹೆಪ್ಪುಗಟ್ಟುವ ಲೆಕ್ಕ, ನೋಡುವವರಿದ್ದಾರೆ, ಅದಕ್ಕಿಲ್ಲ."

ನಾವು ನಕ್ಕೆವು. ಕಾರ್ತಿಕ ಮಾತ್ರ, "ಪತ್ರೊಡೆ ತಿನ್ನುವುದನ್ನು ನಿಲ್ಲಿಸಿದಿರಾ ಮಾವ?" ಎಂದು ಕೇಳಿದ.

"ಅದನ್ನೆತ್ತಬೇಡ. ಹಸಿರು ಸೊಪ್ಪು ಒಂದೇಸಮ ಇರಬೇಕಂತೆ. ಒಂದು ದಿನ ಹೆಚ್ಚು ಒಂದು ದಿನ ಕಡಿಮೆಯಾದರೆ ಗುಳಿಗೆಯ ಲೆಕ್ಕ ತಪ್ಪುತ್ತದಂತೆ. ಆಟಿ ತಿಂಗಳಲ್ಲಿ ಕೆಸುವಿನೆಲೆಯ ಪತ್ರೊಡೆಯನ್ನು ಒಂದೇಸಮ ತಿನ್ನುವ ಮನುಷ್ಯನನ್ನು ತೋರಿಸು. ಒಂದು ಸಲ ಡಾಕ್ಟರರು ರಕ್ತದ ಚೀಟಿ ನೋಡಿ, 'ಮನೆಯಲ್ಲಿ ಏನು ವಿಶೇಷ?' ಎಂದೇ ಕೇಳಿದರು. ಹೆಂಡತಿಗೆ ಸುಳ್ಳು ಹೇಳಬಹುದು, ಐಎನ್‌ಆರ್‌ಗೆ ಆಗುವುದಿಲ್ಲ. ಮತ್ತೆ ಕೊರೊನಾ ಬಂದ 2020ರಲ್ಲಿ ಆ ಡಾಕ್ಟರರೂ ಸಿಕ್ಕಲಿಲ್ಲ. ಅವರು ಮಂಗಳೂರಿನಲ್ಲಿ, ನಾನು ಇಲ್ಲಿ. ಗಡಿಯ ರಸ್ತೆಗಳಿಗೆಲ್ಲ ಮಣ್ಣು ಸುರಿದು ಮುಚ್ಚಿದರಲ್ಲ? ತಲಪಾಡಿಯಲ್ಲಿ ತಡೆದು, ಆಸ್ಪತ್ರೆ ಸೇರಲಾಗದೆ ಎಷ್ಟು ಜನ ಹೋದರು! ಹೊಚ್ಚಹೊಸ ತಂತ್ರದ ಲಸಿಕೆ ವರ್ಷ ತುಂಬುವ ಮೊದಲೇ ಜನರ ತೋಳಿಗೆ ಬಂತು, ಕಂಡುಹಿಡಿದ ದಾರಿಗೆ 2023ರಲ್ಲಿ ನೊಬೆಲ್ ಸಿಕ್ಕಿತು, ಎಲ್ಲ ಒಪ್ಪುವೆ. ಆದರೆ ಒಂದು ಜೀಪು ಮಣ್ಣಿನ ರಾಶಿ ದಾಟುವ ತಂತ್ರ ಯಾರಿಗೂ ಹೊಳೆಯಲಿಲ್ಲ."

ಮಾತು ಇಲ್ಲಿಂದ ಗಡಿ ವಿವಾದಕ್ಕೆ ಹೋಗಿ, ಮಹಾಜನ ವರದಿಯಲ್ಲಿ ಸಿಕ್ಕಿಹಾಕಿಕೊಂಡು, ಅರ್ಧ ಗಂಟೆ ಒದ್ದಾಡುವುದಿತ್ತು. ಎಲ್ಲ ಹರಟೆಗಳೂ ನಮ್ಮಲ್ಲಿ ಒಮ್ಮೆ ಚಂದ್ರಗಿರಿ ಹೊಳೆಯ ದಡಕ್ಕೆ ಹೋಗಿ ಬರಲೇಬೇಕು. ಆ ದಿನ ತಪ್ಪಿಸಿದವರು ಅಡಿಕೆ ವ್ಯಾಪಾರದ ಮಮ್ಮುಂಞಿಯವರು. ಒದ್ದೆ ಕೊಡೆಯನ್ನು ಬಾಗಿಲಿಗೆ ತೂಗುಹಾಕಿ, ಬಂದು ಕುಳಿತು, ಸುತ್ತಲೂ ನೋಡಿ, ಪ್ಲಾಸ್ಟಿಕ್ ತೊಟ್ಟೆಯಿಂದ ಪೆನ್ನಿನಂಥ ವಸ್ತುವೊಂದನ್ನು ಗುಟ್ಟಾಗಿ ತೆಗೆದರು.

"ಕಾರ್ತಿಕ, ಇದೇನೆಂದು ನೋಡು ಮಗನೇ. ಶಾರ್ಜಾದಿಂದ ಅಳಿಯ ತಂದದ್ದು. ಹೊಟ್ಟೆ ಕರಗುತ್ತದೆ ಎಂದ."

ಮಮ್ಮುಂಞಿಯವರ ಹೊಟ್ಟೆ ಪೆರ್ಲದ ಪೇಟೆಗೆ ಒಂದು ಗುರುತು. ಅದು ಕರಗುವುದೆಂದರೆ ಜನರಿಗೆ ದಾರಿ ತಪ್ಪೀತು.

"ಸೆಮಾಗ್ಲುಟೈಡ್," ಎಂದು ಕಾರ್ತಿಕ ಓದಿದ. "ಇದು ಮಾತ್ರ ನಿಜವಾಗಿ ಮನುಷ್ಯರಲ್ಲಿ ಕೆಲಸ ಮಾಡಿದ ಮದ್ದು ಮಾವ. ಸಕ್ಕರೆ ಕಾಯಿಲೆಗೆ 2017ರಲ್ಲಿ, ತೂಕ ಇಳಿಸಲು 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ವಾರಕ್ಕೊಂದು ಚುಚ್ಚುಮದ್ದು. 68 ವಾರ ತೆಗೆದುಕೊಂಡವರ ತೂಕ ಸರಾಸರಿ 15 ಶೇಕಡಾ ಇಳಿದಿತ್ತು. ಈ ಜಾತಿಯಲ್ಲಿ ಮೊದಲು, 2005ರಲ್ಲಿ, ಬಂದ ಮದ್ದಿನ ಮೂಲ ಎಲ್ಲಿತ್ತು ಗೊತ್ತೇ? ಅಮೆರಿಕದ ಮರುಭೂಮಿಯ ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯ ಜೊಲ್ಲಿನಲ್ಲಿ. ಅದು ವರ್ಷಕ್ಕೆ ಬೆರಳೆಣಿಕೆಯಷ್ಟು ಸಲ ಉಂಡರೆ ಸಾಕು, ಬದುಕುತ್ತದೆ."

"ಹಲ್ಲಿಯ ಜೊಲ್ಲೇ?" ಮಮ್ಮುಂಞಿಯವರು ಪೆನ್ನನ್ನು ಮೇಜಿನ ಆ ತುದಿಗೆ ದೂಡಿದರು. "ಉಸ್ತಾದರನ್ನು ಕೇಳಬೇಕಾದೀತು."

"ಇದರಲ್ಲಿ ಹಲ್ಲಿ ಇಲ್ಲ. ಊಟವಾದಾಗ ನಮ್ಮ ಕರುಳೇ ಸುರಿಸುವ ಒಂದು ಹಾರ್ಮೋನನ್ನು ಹೋಲುವಂತೆ ಮಾಡಿದ್ದು. ನಮ್ಮದು ಕೆಲವು ನಿಮಿಷಗಳಲ್ಲಿ ಕರಗಿಹೋಗುತ್ತದೆ, ಇದು ವಾರ ನಿಲ್ಲುತ್ತದೆ. 'ಸಾಕು' ಎಂದು ಮಿದುಳಿಗೆ ಹೇಳುತ್ತ ಇರುತ್ತದೆ."

"ಅದನ್ನು ಹೇಳಲು ನಮ್ಮ ಮನೆಯಲ್ಲಿ ಜನ ಇದ್ದಾರಲ್ಲ," ಎಂದರು ಮಮ್ಮುಂಞಿಯವರು ನಿಟ್ಟುಸಿರಿಟ್ಟು. "ಮೂವತ್ತು ವರ್ಷದಿಂದ ಹೇಳುತ್ತ ಇದ್ದಾಳೆ. ಒಂದು ಗ್ರಾಂ ಇಳಿದಿಲ್ಲ."

"ಚುಚ್ಚುತ್ತ ಹೇಳುವುದಿಲ್ಲ, ಬಯ್ಯುತ್ತ ಹೇಳುತ್ತಾರೆ. ಅದಕ್ಕೇ," ಎಂದರು ಈಶ್ವರಣ್ಣ.

ಆಗ ಲಲಿತಕ್ಕ ಬಂದರು. ಆರೋಗ್ಯ ಕೇಂದ್ರದ ನರ್ಸ್ ಆಗಿ ನಿವೃತ್ತರಾದರೂ ಇಡೀ ಎಣ್ಮಕಜೆ ಪಂಚಾಯತಿಗೆ ಅವರು ಈಗಲೂ ನರ್ಸಕ್ಕನೇ. ಇಲ್ಲಿ ಬೆಂಚಿನ ಮೇಲೆ ಕುಳಿತಿದ್ದ ನಮ್ಮ ಪೈಕಿ ಅರ್ಧ ಜನರ ಮಕ್ಕಳಿಗೆ ಮೊದಲ ಚುಚ್ಚುಮದ್ದು ಅವರದ್ದೇ. ಮಮ್ಮುಂಞಿಯವರು ಎದ್ದು ಅಂಗಿಯ ಗುಂಡಿ ಬಿಚ್ಚುತ್ತ, "ಬಂದಿರಲ್ಲ, ದೇವರೇ ಕಳುಹಿಸಿದ. ಇದನ್ನೊಮ್ಮೆ ಹೊಟ್ಟೆಗೆ ಚುಚ್ಚಿಬಿಡಿ," ಎಂದರು.

"ಗುಂಡಿ ಹಾಕಿಕೊಳ್ಳಿ," ಎಂದರು ಲಲಿತಕ್ಕ. "ಡಾಕ್ಟರರ ಚೀಟಿ ಎಲ್ಲಿ? ಇದನ್ನು ತಣ್ಣಗೆ ಇಡಬೇಕು, ಎಲ್ಲಿಟ್ಟಿದ್ದಿರಿ?"

"ಫ್ರಿಜ್ಜಿನಲ್ಲಿ, ಬಂಗುಡೆಯ ಪಕ್ಕ. ನಡುವೆ ಎರಡು ದಿನ ಕರೆಂಟ್ ಇರಲಿಲ್ಲ."

"ಹಾಗಾದರೆ ಬಂಗುಡೆ ಹೋಯಿತು, ಮದ್ದಿನ ಭರವಸೆಯೂ ಇಲ್ಲ. ಮತ್ತೆ ಕೇಳಿ, ಇದನ್ನು ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಪಾಲು ತಿರುಗಿ ಬಂದಿತ್ತಂತೆ. ಜೀವಮಾನವಿಡೀ ಕೊಳ್ಳುವ ಶಕ್ತಿ ಇದೆಯೇ?"

"ಅಡಿಕೆಗೆ ಬೆಲೆ ಇದ್ದರೆ ಇದೆ," ಎಂದರು ಮಮ್ಮುಂಞಿಯವರು. ಗುಂಡಿ ಹಾಕಿಕೊಂಡರು.

ಇಷ್ಟರಲ್ಲಿ ಮಾಸ್ತರರ ಮೊಬೈಲು ಇನ್ನೊಂದು ಸಲ ಕೂಗಿತು. ಅವರು ಓದಿದರು, ಈ ಸಲ ಮೊದಲೇ ಕೊನೆಯ ಸಾಲನ್ನು ನೋಡಿಕೊಂಡು. "ಈಶ್ವರಣ್ಣ, ಇದು ಇಲಿಯಲ್ಲ! ಮನುಷ್ಯರ ಮಗು!"

ಅದು ಹಳೆಯ ಸುದ್ದಿ, 2025ರ ಮೇ ತಿಂಗಳದ್ದು, ಯಾರೋ ತಡವಾಗಿ ಕಳುಹಿಸಿದ್ದು. ಕಾರ್ತಿಕ ವಿವರಿಸಿದ. ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ ಒಂದು ಗಂಡುಕೂಸು. ಹುಟ್ಟುವಾಗಲೇ ಜೀನಿನಲ್ಲಿ ಒಂದು ದೋಷ. ತಿಂದ ಪ್ರೋಟೀನು ಅಮೋನಿಯವಾಗಿ ರಕ್ತದಲ್ಲಿ ಸೇರಿ ಮಿದುಳನ್ನು ಕೆಡಿಸುವ ಕಾಯಿಲೆ. ಆ ಮಗುವಿನ ಆ ಒಂದು ದೋಷವನ್ನು ತಿದ್ದುವುದಕ್ಕೆಂದೇ ಆರು ತಿಂಗಳಲ್ಲಿ ಒಂದು ಮದ್ದು ತಯಾರಿಸಿದರು. ಲೋಕದಲ್ಲಿ ಇನ್ನಾರಿಗೂ ಅದು ಉಪಯೋಗಕ್ಕಿಲ್ಲ. ಕೊಟ್ಟರು, ಮಗು ಚೇತರಿಸಿಕೊಂಡಿತು, ಮನೆಗೆ ಹೋಯಿತು.

ಈಶ್ವರಣ್ಣನೂ ಸುಮ್ಮನಾದರು. ಇದಕ್ಕೆ ಕುಹಕವಾಡಲು ಅವರಿಗೂ ಮನಸ್ಸಾಗಲಿಲ್ಲ.

"ಒಂದೇ ಮಗುವಿಗಾಗಿಯೇ?" ಎಂದು ಲಲಿತಕ್ಕ ಕೇಳಿದರು.

"ಹೌದು ಅತ್ತೆ, ಒಂದೇ ಮಗುವಿಗೆ."

"ಒಳ್ಳೆಯದಾಯಿತು," ಎಂದು ಅವರು ಚಹಾದ ಲೋಟವನ್ನು ತಿರುಗಿಸುತ್ತ ಕುಳಿತರು. ಆಮೇಲೆ ಹೇಳಿದರು, "ನಾನು ಪೋಲಿಯೊ ಹನಿ ಹಾಕಲು ಪಡ್ರೆಗೆ ಹೋಗುತ್ತಿದ್ದೆ. ಸ್ವರ್ಗ, ವಾಣೀನಗರ, ಆ ಕಡೆಯ ಮನೆಗಳಿಗೆ. ಐದು ವರ್ಷದೊಳಗಿನವರಿಗೆ ಹಾಕಬೇಕು. ಒಂದು ಮನೆಯಲ್ಲಿ ಮಗುವಿನ ವಯಸ್ಸು ಕೇಳಿದರೆ ತಾಯಿ ಹನ್ನೆರಡು ಎಂದಳು. ತೊಟ್ಟಿಲಲ್ಲಿ ಮಲಗಿತ್ತು."

ಯಾರೂ ಮಾತಾಡಲಿಲ್ಲ. ನಮಗೆಲ್ಲ ಗೊತ್ತಿರುವ ಕಥೆಯೇ. ಗೇರುತೋಟಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ 2000ದ ತನಕ, ವರ್ಷಕ್ಕೆ ಎರಡು ಮೂರು ಸಲ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಚಹಾ ಸೊಳ್ಳೆ ಎಂಬ ಕೀಟಕ್ಕಾಗಿ. ಚಿಕ್ಕವರಿದ್ದಾಗ ನಾವು ಅದನ್ನು ನೋಡಲು ಗುಡ್ಡ ಹತ್ತಿ ಓಡಿದ್ದೂ ಉಂಟು.

"ಬಾವಿ ಮುಚ್ಚಿಡಿ ಎಂದು ಹೇಳುತ್ತಿದ್ದರು," ಎಂದರು ಲಲಿತಕ್ಕ. "ಬಾವಿಯನ್ನು ಮುಚ್ಚಬಹುದು. ಗುಡ್ಡದಿಂದ ಇಳಿದು ಬರುವ ತೋಡನ್ನು ಹೇಗೆ ಮುಚ್ಚುವುದು? ನೀರಿಗೆಂದು ಗುಡ್ಡ ಕೊರೆದ ಸುರಂಗದಿಂದ ಜಿನುಗುವ ನೀರನ್ನು ಹೇಗೆ ಮುಚ್ಚುವುದು? ಕಾರ್ತಿಕ, ಆ ಫಿಲಡೆಲ್ಫಿಯಾದ ಮದ್ದು ಇಂಥ ಮಕ್ಕಳಿಗೆ…"

"ಆಗುವುದಿಲ್ಲ ಅತ್ತೆ. ಅದು ಜೀನಿನಲ್ಲಿ ತಪ್ಪಿದ ಒಂದು ಅಕ್ಷರವನ್ನು ತಿದ್ದುವಂಥದ್ದು. ಇದು ಬೇರೆ."

"ಕೇಳಿದೆ ಅಷ್ಟೆ."

ಸ್ವಲ್ಪ ಹೊತ್ತಿನ ಮೇಲೆ ಈಶ್ವರಣ್ಣ ಬಾಯಿಬಿಟ್ಟರು, ತಾಳಮದ್ದಳೆಯ ದನಿಯಲ್ಲಿ ಅಲ್ಲ. "ಮಗೂ, ಆ ಎಂಡೋಸಲ್ಫಾನನ್ನು ಇಲಿಗಳ ಮೇಲೆ ಪ್ರಯೋಗಿಸಿ ನೋಡಿರಲಿಲ್ಲವೇ?"

"ನೋಡಿದ್ದರು ಮಾವ. ನಮ್ಮ ದೇಶದಲ್ಲೇ ನೋಡಿದ್ದರು. ಗಂಡಿಲಿಗಳ ವೃಷಣಗಳಿಗೆ ತೊಂದರೆಯಾದದ್ದು ಕಂಡಿತ್ತು. ನರಮಂಡಲಕ್ಕೆ ಆಗುವುದೂ ತಿಳಿದಿತ್ತು."

"ಮತ್ತೆ?"

"'ಇಲಿಗೆ ಆದದ್ದು ಮನುಷ್ಯನಿಗೂ ಆಗುತ್ತದೆ ಎಂದು ಹೇಳಲು ಬರುವುದಿಲ್ಲ' ಎಂದು ವಾದಿಸಿದವರಿದ್ದರು."

"ಹಾಗೋ!" ಈಶ್ವರಣ್ಣ ಗುಳಿಗೆಯ ಪಟ್ಟಿಯನ್ನು ಕಿಸೆಗೆ ಹಾಕಿಕೊಂಡರು. "ಇಲಿ ಗುಣವಾದರೆ ಮುಖಪುಟದಲ್ಲಿ ಬರುತ್ತದೆ, ನಾಳೆ ನಮಗೂ ಗುಣ ಎನ್ನುತ್ತಾರೆ. ಇಲಿ ನರಳಿದರೆ ಅದು ಇಲಿಯ ಸ್ವಂತ ವಿಷಯ. ನಾನು ಇಷ್ಟು ದಿನ ಇಲಿಯ ಭಾಗ್ಯವನ್ನು ಕಂಡು ಹೊಟ್ಟೆಕಿಚ್ಚು ಪಟ್ಟದ್ದು ಹೆಚ್ಚಾಯಿತು. ಅದರ ಮಾತನ್ನೂ ನಂಬುವುದು ನಮಗೆ ಬೇಕಾದ ಹೊತ್ತಿನಲ್ಲಿ ಮಾತ್ರ."

"2011ರಲ್ಲಿ ನಿಷೇಧವಾಯಿತಲ್ಲ," ಎಂದರು ಮಾಸ್ತರರು. "ಸುಪ್ರೀಂ ಕೋರ್ಟೇ ನಿಲ್ಲಿಸಿತು. 2017ರಲ್ಲಿ ಐದೈದು ಲಕ್ಷ ಕೊಡಿ ಎಂದೂ ಹೇಳಿತು."

"ಮೂರು ತಿಂಗಳೊಳಗೆ ಎಂದು ಹೇಳಿತ್ತು ಮಾಸ್ತರರೇ," ಎಂದರು ಲಲಿತಕ್ಕ. "2022ರಲ್ಲಿ ಪುನಃ ಗದರಿಸಬೇಕಾಯಿತು. ಆ ಐದು ವರ್ಷಗಳಲ್ಲಿ ಕಾಗದ ಪತ್ರ ಹಿಡಿದುಕೊಂಡು ಕಚೇರಿಗೆ ಅಲೆದ ತಾಯಂದಿರ ಜೊತೆ ನಾನೂ ಹೋಗಿದ್ದೇನೆ. ತೊಟ್ಟಿಲಿನದು ಎಂದೆನಲ್ಲ, ಅದಕ್ಕೆ ಕಾಗದ ಬರುವಾಗ ಅದು ಇರಲಿಲ್ಲ."

ಕಾಮತರು ಯಾರನ್ನೂ ಕೇಳದೆ ಎಲ್ಲರ ಮುಂದೆಯೂ ಇನ್ನೊಂದು ಚಹಾ ತಂದಿಟ್ಟರು. ಲೆಕ್ಕದ ಪುಸ್ತಕ ತೆರೆಯಲಿಲ್ಲ, ಅದೊಂದು ಅಪರೂಪ. ಶಂಭಟ್ಟರು, "ಶ್ರಾದ್ಧದ ಮನೆಯಲ್ಲಿ ಕಾಯುತ್ತಿರಬಹುದು," ಎಂದರು. ಆದರೆ ಏಳಲಿಲ್ಲ. ಮಳೆ ಒಂದು ಹದ ಕಡಿಮೆಯಾಗಿತ್ತು, ಬಸ್ಸು ಮಾತ್ರ ಬರಲಿಲ್ಲ.

ಮಮ್ಮುಂಞಿಯವರಿಗೆ ಮೌನ ಹೆಚ್ಚು ಹೊತ್ತು ಆಗುವುದಿಲ್ಲ. ವ್ಯಾಪಾರಿ ಮನುಷ್ಯ, ಕೈಯಲ್ಲಿರುವ ಮಾಲು ವ್ಯರ್ಥವಾಗುವುದೂ ಆಗುವುದಿಲ್ಲ. ಪೆನ್ನನ್ನು ಮೇಜಿನ ತುದಿಯಿಂದ ಪುನಃ ತನ್ನ ಕಡೆಗೆ ಎಳೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ಈಶ್ವರಣ್ಣ, ನನಗೊಂದು ಯೋಚನೆ. ಇದು ಹಸಿವೆ ಕಟ್ಟುವ ಮದ್ದಲ್ಲವೇ? ನಿಮ್ಮ ತೆಂಗಿನ ಮರದ ಇಲಿಗಳಿಗೆ ವಾರಕ್ಕೊಂದು ಚುಚ್ಚಿಬಿಡಿ. ಪಾಷಾಣವೂ ಬೇಡ, ಪಾಪವೂ ಇಲ್ಲ. ಇಲಿ ಬದುಕುತ್ತದೆ, ಬೊಂಡ ಉಳಿಯುತ್ತದೆ."

"ಇಲಿಗಳಲ್ಲಿ ಖಂಡಿತ ಕೆಲಸ ಮಾಡುತ್ತದೆ," ಎಂದ ಕಾರ್ತಿಕ ನಗು ತಡೆದುಕೊಂಡು. "ಈ ಜಾತಿಯ ಮದ್ದಿನಿಂದ ಇಲಿಗಳ ಹಸಿವೆ ಇಳಿದದ್ದು ಮನುಷ್ಯರಿಗಿಂತ ಮೊದಲೇ ಕಂಡಿತ್ತು."

"ಕಾಣದೆ ಇರುತ್ತದೆಯೇ?" ಎಂದರು ಈಶ್ವರಣ್ಣ. ಅವರ ಮುಖದಲ್ಲಿ ಶಲ್ಯ ಮರಳಿ ಬಂದಿದ್ದ. "ಮದ್ದಿನ ತಕರಾರು ಅಲ್ಲ ಮಮ್ಮುಂಞಿಯವರೇ. ಬಿಲ್ಲೆಯಾಗಲಿ ಚುಚ್ಚುಮದ್ದಾಗಲಿ, ಮರದ ತಲೆಯ ತನಕ ಹತ್ತಬೇಕಲ್ಲ? ಈ ಊರಿನಲ್ಲಿ ಮರ ಹತ್ತುವ ಜನ ಎಲ್ಲಿದ್ದಾರೆ? ಇದ್ದ ಒಬ್ಬನಿಗೂ ಮಂಡಿನೋವು. ಅದಕ್ಕೇನಾದರೂ ಬಂದಿದೆಯೇ ನೋಡಿ ಮಾಸ್ತರರೇ."

ಮಾಸ್ತರರು ಕನ್ನಡಕವನ್ನು ಹಣೆಗೇರಿಸಿ ಹುಡುಕಲು ಶುರು ಮಾಡಿದರು.

"ಬಂದಿದೆ!" ಎಂದರು. "ಮಂಡಿಯ ಮೃದ್ವಸ್ಥಿ ಪುನಃ ಬೆಳೆಯಿತಂತೆ."

"ಯಾರದ್ದು?" ಎಂದು ಈ ಸಲ ಕೇಳಿದವರು ಶಂಭಟ್ಟರು.